ಲಡ್ಡು ಮರದ ಅಣಬೆಗೆ ಹೆಸರು ಹೇಳುವ ಮುನ್ನ



ಮುಂಗಾರು ಹಿಡಿದ ಮೇಲೆ ಮಲೆನಾಡಿನ ಕಾಡಿಗೆ ಕಾಲಿಟ್ಟವರ ಕಣ್ಣಿಗೆ ಅಣಬೆ ಬೀಳದೆ ಇರುವುದಿಲ್ಲ. ಉರುಳಿ ಬಿದ್ದ ದಿಮ್ಮಿ, ಕಡಿದುಳಿದ ಬೊಡ್ಡೆ, ಲಡ್ಡು ಹಿಡಿದ ಕೊಂಬೆ, ಎಲ್ಲೆಂದರಲ್ಲಿ ಎದ್ದಿರುತ್ತವೆ. ನೀವು ಕೂಡಲೇ ಫೋನ್ ತೆಗೆದು, ಮೇಲಿನಿಂದ ಒಂದು ಫೋಟೊ ಹೊಡೆದು, "ಇದು ಯಾವ ಅಣಬೆ? ತಿನ್ನಬಹುದಾ?" ಎಂದು ಕೇಳುತ್ತೀರಿ. ಕೇಳುವುದು ಒಳ್ಳೆಯದೇ. ಆದರೆ ಆ ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳಬೇಡಿ. ಮೊದಲನೆಯದಕ್ಕೆ ಉತ್ತರ ಸಿಗಲು ಕಡಿಮೆಯೆಂದರೂ ಒಂದು ರಾತ್ರಿ ಬೇಕು. ಎರಡನೆಯದಕ್ಕೆ ಎಷ್ಟೋ ಸಲ ಕೆಲವು ಮಳೆಗಾಲಗಳೇ ಬೇಕಾಗುತ್ತವೆ.

ನಾನು ಹೇಳಬೇಕೆಂದಿರುವುದು ಇಷ್ಟೇ: ಯಾವ ಒಂದು ಗುರುತನ್ನೂ ನಂಬಿ ಅಣಬೆಗೆ ಹೆಸರು ಹೇಳಬೇಡಿ. ಮರ, ಟೋಪಿ, ಅಡಿಭಾಗ, ಕಾಲು, ಬೀಜಾಣುವಿನ ಬಣ್ಣ, ಎದ್ದ ಕಾಲ ಎಲ್ಲವೂ ಒಂದೇ ಹೆಸರನ್ನು ಹೇಳಬೇಕು. ಒಂದು ಗುರುತು ಬೇರೆ ಹೇಳಿದರೂ ಆ ಅಣಬೆ ಅಡುಗೆಮನೆಗೆ ಬರಕೂಡದು.

ಮೊದಲು ಅಣಬೆಯನ್ನು ಬಿಟ್ಟು ಮರವನ್ನು ನೋಡಿ. ನಮ್ಮ ಕಣ್ಣಿಗೆ ಕಾಣುವ ಅಣಬೆ ಆ ಶಿಲೀಂಧ್ರದ ಬೀಜಾಣು ಹೊರುವ ಅಂಗ ಮಾತ್ರ. ಅದರ ಮೈಯೆಲ್ಲ ಮರದೊಳಗೆ ಸೂಕ್ಷ್ಮ ಎಳೆಗಳಾಗಿ ಹಬ್ಬಿ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಆ ಮರವನ್ನು ಉಣ್ಣುತ್ತಿರುತ್ತದೆ. ಉಂಡದ್ದರ ಗುರುತು ಮರದಲ್ಲಿ ಉಳಿಯುತ್ತದೆ. ಕೊಳೆತ ಕಡೆ ಒಂದು ಚೂರು ಮುರಿದು ನೋಡಿ. ಮರ ಬಿಳಿಚಿಕೊಂಡು, ಒದ್ದೆ ನಾರಿನಂತೆ ಎಳೆಎಳೆಯಾಗಿ ಕಿತ್ತು ಬಂದರೆ ಅದು ಬಿಳಿಕೊಳೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನೂ ಒಡೆಯಬಲ್ಲ ಶಿಲೀಂಧ್ರ ಅಲ್ಲಿ ಕೆಲಸ ಮಾಡಿದೆ. ಮರ ಕಂದಾಗಿ, ಅಡ್ಡಡ್ಡ ಉದ್ದುದ್ದ ಬಿರಿದು, ಚೌಕ ಚೌಕವಾಗಿ ಮುರಿದು, ಬೆರಳಲ್ಲಿ ತಿಕ್ಕಿದರೆ ಪುಡಿಯಾದರೆ ಅದು ಕಂದುಕೊಳೆ. ಅಲ್ಲಿ ಸೆಲ್ಯುಲೋಸ್ ಹೋಗಿ ಲಿಗ್ನಿನ್ ಉಳಿದಿದೆ. ಮುಂದೆ ವಿವರಿಸಲಿರುವ ಚಿಪ್ಪಣಬೆಯ ಜಾತಿಯವೆಲ್ಲ ಬಿಳಿಕೊಳೆಯವು. ಕಂದುಕೊಳೆಯ ದಿಮ್ಮಿಯ ಮೇಲೆ ಚಿಪ್ಪಣಬೆಯಂಥದ್ದು ಕಂಡರೆ, ಅಲ್ಲಿಗೇ ಒಂದು ಅನುಮಾನ ಇಟ್ಟುಕೊಳ್ಳಿ.

ಮರ ಯಾವುದು ಎನ್ನುವುದನ್ನೂ ಬರೆದುಕೊಳ್ಳಿ. ಬೂರುಗವೋ, ಮಾವೋ, ಹಲಸೋ, ತೋಟದ ಸಿಲ್ವರ್ ಓಕೋ? ನಿಂತ ಮರವೋ, ಬಿದ್ದದ್ದೋ? ತೊಗಟೆ ಇದೆಯೋ, ಕಳಚಿದೆಯೋ? ಗೊತ್ತಾಗದಿದ್ದರೆ ಸುತ್ತ ಬಿದ್ದ ಎಲೆ, ಕಾಯಿ ಆಯ್ದು ತನ್ನಿ, ಊರಿನಲ್ಲಿ ಯಾರಾದರೂ ಹೇಳುತ್ತಾರೆ. ಇನ್ನೊಂದು ಮಾತು: ನೆಲದಲ್ಲಿ ಎದ್ದಂತೆ ಕಾಣುವ ಅಣಬೆಯೂ ಮಣ್ಣಿನಡಿಯ ಬೇರು, ಹೂತುಹೋದ ಕೊಂಬೆಯಿಂದ ಬಂದಿರಬಹುದು. ಚಾಕುವಿನಿಂದ ಮೆಲ್ಲಗೆ ಬುಡ ಬಿಡಿಸಿ ನೋಡದೆ "ಇದು ಮಣ್ಣಿನದು", "ಇದು ಮರದ್ದು" ಎಂದು ತೀರ್ಮಾನಿಸಬೇಡಿ. ಬುಡವನ್ನು ಬಿಡಿಸಿ ನೋಡುವುದಕ್ಕೆ ಮತ್ತೂ ಒಂದು ಕಾರಣವಿದೆ. ಅತಿ ಘೋರ ವಿಷದ ಅಮಾನಿಟಾ ಅಣಬೆಗಳ ಬುಡದಲ್ಲಿರುವ ಚೀಲದಂಥ ಪೊರೆ ಮಣ್ಣಿನೊಳಗೇ ಇರುತ್ತದೆ. ಕಾಲನ್ನು ಮಧ್ಯಕ್ಕೆ ಚಿವುಟಿ ತಂದವರಿಗೆ ಆ ಗುರುತು ಸಿಗುವುದೇ ಇಲ್ಲ.

ಅಡಿಕೆ ತೋಟದ ಮಕ್ಕಳಿಗೆ ಮರ ನೋಡುವ ಈ ಪಾಠ ಹೊಸದಲ್ಲ. ಅಣಬೆ ರೋಗ ಎಂದು ನಾವು ಕರೆಯುವುದು ಗ್ಯಾನೊಡರ್ಮಾ ಎಂಬ ಶಿಲೀಂಧ್ರದ ಕೆಲಸ. ಅಡಿಕೆಯ ಬುಡದಲ್ಲಿ ಕಂದುಗೆಂಪು, ಮರದಷ್ಟೇ ಗಟ್ಟಿಯಾದ ಬಿಲ್ಲೆಯಂಥ ಅಣಬೆ ಕಾಣಿಸುವ ಹೊತ್ತಿಗೆ ಒಳಗಿನ ಬೇರು ಕೊಳೆತು ಎಷ್ಟೋ ಕಾಲವಾಗಿರುತ್ತದೆ. ಸೋಗೆ ಹಳದಿಯಾದದ್ದು, ಕಾಂಡದ ಬುಡದಲ್ಲಿ ಕಂದು ರಸ ಒಸರಿದ್ದು ಮೊದಲೇ ಹೇಳಿರುತ್ತವೆ. ಅದಕ್ಕೇ ತಿಳಿದ ಕೃಷಿಕರು ಅಣಬೆಯನ್ನು ಕಿತ್ತೆಸೆದು ಸುಮ್ಮನಾಗುವುದಿಲ್ಲ. ಬೊಡ್ಡೆಯನ್ನು ಬೇರುಸಹಿತ ತೆಗೆಸಿ, ಪಕ್ಕದ ಮರಗಳಿಗೆ ಹಬ್ಬದಂತೆ ಸುತ್ತ ಅಗಳು ತೋಡಿಸುತ್ತಾರೆ.

ಮರ ನೋಡಿದ ಮೇಲೆ ಅಣಬೆಯ ಅಡಿಭಾಗ ನೋಡಿ. ಟೋಪಿಯ ಮೇಲಿನ ಬಣ್ಣಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಒಂದು ಜೋರು ಮಳೆ, ಎರಡು ದಿನದ ಬಿಸಿಲು ಅದನ್ನು ಬದಲಿಸಿಬಿಡುತ್ತವೆ. ಅಡಿಯಲ್ಲಿ ತೆಳು ಪದರಗಳಿವೆಯೋ, ಸೂಜಿಯಿಂದ ಚುಚ್ಚಿದಂಥ ರಂಧ್ರಗಳಿವೆಯೋ, ಏನೂ ಇಲ್ಲದೆ ನುಣ್ಣಗಿದೆಯೋ? ಪುಸ್ತಕದವರು ಆ ಪದರಗಳನ್ನು ಕಿವಿರು ಎನ್ನುತ್ತಾರೆ. ಘಟ್ಟದ ಒಣ ಕಡ್ಡಿಗಳ ಮೇಲೆ ಸಣ್ಣ ಆಲಿಕೆಯ ಆಕಾರದಲ್ಲಿ, ಹಳದಿ ಕಾಲಿನ ಮೇಲೆ ಕಂದು ಬಳೆಬಳೆಯಾಗಿ ನಿಲ್ಲುವ ಮೈಕ್ರೊಪೋರಸ್‌ನಲ್ಲಿ ಕಿವಿರಿಲ್ಲ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಕಿವಿಯಂತೆ ಮೆತ್ತಗೆ ಜೋಲುವ ಕಿವಿ ಅಣಬೆಗೆ ಎರಡೂ ಇಲ್ಲ.

ಭೂತಗನ್ನಡಿ ಒಂದು ಜೇಬಿನಲ್ಲಿದ್ದರೆ ಮೊದಲು ಸೀಳು ಕಿವಿರಿನ ಪುಟ್ಟ ಅಣಬೆಯನ್ನು ಹುಡುಕಿ. ಸ್ಕಿಜೊಫಿಲ್ಲಮ್ ಕಮ್ಯೂನ್ ಎನ್ನುವುದು ಅದರ ಶಾಸ್ತ್ರೀಯ ಹೆಸರು. ಸೌದೆ ರಾಶಿಯ ಮೇಲೂ ಸಿಗುತ್ತದೆ, ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇದೆ. ಬೆರಳ ತುದಿಯಷ್ಟಗಲ, ಬೂದುಬಿಳಿ, ಮೇಲೆಲ್ಲ ಒತ್ತಾದ ರೋಮ, ಕಾಲು ಇಲ್ಲವೆಂದರೂ ಸರಿ. ಮಗುಚಿ ಕನ್ನಡಿಯಲ್ಲಿ ನೋಡಿದರೆ ಒಂದೊಂದು ಕಿವಿರೂ ಉದ್ದಕ್ಕೆ ಸೀಳಿಕೊಂಡಿರುವುದು ಕಾಣುತ್ತದೆ. ಒಣಗಿದಾಗ ಆ ಎರಡು ಹೋಳುಗಳು ಆಚೀಚೆ ಸುರುಳಿಕೊಂಡು ಬೀಜಾಣು ಹುಟ್ಟುವ ಮೈಯನ್ನು ಮುಚ್ಚಿಕೊಳ್ಳುತ್ತವೆ. ಒಣಗಿ ಗರಿಗರಿಯಾದದ್ದನ್ನು ಮನೆಗೆ ತಂದು ಒಂದು ತಟ್ಟೆ ನೀರಿನಲ್ಲಿಡಿ. ಹೋಳುಗಳು ನೆಟ್ಟಗಾಗಿ ಮತ್ತೆ ಬೀಜಾಣು ಉದುರಿಸಲು ಸಿದ್ಧವಾಗುತ್ತವೆ. ಮಣಿಪುರದಲ್ಲಿ ಇದನ್ನು ಕಾಂಗ್ಲಾಯೆನ್ ಎಂದು ಕರೆದು ಅಡುಗೆಗೆ ಬಳಸುತ್ತಾರೆ. ಇಷ್ಟು ಖಚಿತವಾದ ಗುರುತಿರುವ ಅಣಬೆಯಿಂದ ಕಲಿಕೆ ಶುರುಮಾಡಿದರೆ ಕಣ್ಣು ಪಳಗುತ್ತದೆ.

ಈಗ ಎಲ್ಲರೂ ಕೇಳುವ ಚಿಪ್ಪಣಬೆಗೆ ಬರುತ್ತೇನೆ. ಪ್ಲೂರೋಟಸ್ ಕುಲದ ಈ ಅಣಬೆಗಳು ಸತ್ತ ಮರದ ಮೇಲೆ ಅಂತಸ್ತಂತಸ್ತಾಗಿ, ಒಂದರ ಮೇಲೊಂದು ಚಾಚಿಕೊಂಡು ಏಳುತ್ತವೆ. ಟೋಪಿ ಚಿಪ್ಪಿನಾಕಾರ, ಅಂಚು ಎಳೆಯದರಲ್ಲಿ ಒಳಕ್ಕೆ ಮಡಿಚಿರುತ್ತದೆ. ಕಾಲು ಗಿಡ್ಡ, ಟೋಪಿಯ ನಡುವಿಗಿರದೆ ಒಂದು ಬದಿಗಿರುತ್ತದೆ, ಕೆಲವಕ್ಕೆ ಇಲ್ಲವೇ ಇಲ್ಲ. ಕಿವಿರುಗಳು ಟೋಪಿಯಲ್ಲೇ ನಿಲ್ಲದೆ ಕಾಲಿನ ಮೇಲೂ ಇಳಿದು ಬರುತ್ತವೆ. ಮಾಂಸ ಬಿಳಿ, ಕೊಯ್ದರೂ ಬಣ್ಣ ಬದಲಾಗುವುದಿಲ್ಲ. ಕಾಡಿನಲ್ಲಿ ನೀವು ಕಾಣುವಂಥವುಗಳಲ್ಲಿ ಸಾಮಾನ್ಯವಾಗಿ ಕಾಲಿಗೆ ಉಂಗುರವಿರುವುದಿಲ್ಲ, ಬುಡದಲ್ಲಿ ಚೀಲವಂತೂ ಇಲ್ಲ. ಬೀಜಾಣು ಬಿಳಿ, ಇಲ್ಲವೇ ತೆಳು ನೇರಳೆಯ ಛಾಯೆಯದು.

ಬೀಜಾಣುವಿನ ಬಣ್ಣ ತಿಳಿಯಲು ಪ್ರಯೋಗಶಾಲೆ ಬೇಡ. ಬಲಿತ ಅಣಬೆಯ ಟೋಪಿಯನ್ನು ಕಾಲಿನಿಂದ ಕತ್ತರಿಸಿ. ಅರ್ಧ ಬಿಳಿ, ಅರ್ಧ ಕಪ್ಪು ಕಾಗದ ಜೋಡಿಸಿ, ಕಿವಿರು ಕೆಳಗಾಗುವಂತೆ ಅದರ ಮೇಲಿಡಿ. ಗಾಳಿಯಾಡದಂತೆ ಬಟ್ಟಲೊಂದನ್ನು ಕವುಚಿ ರಾತ್ರಿ ಬಿಡಿ. ಬೆಳಗ್ಗೆ ಟೋಪಿ ಎತ್ತಿದರೆ ಕಿವಿರಿನ ಒಂದೊಂದು ಗೆರೆಯೂ ಪುಡಿಯಲ್ಲಿ ಅಚ್ಚಾಗಿರುತ್ತದೆ. ಬಿಳಿ ಪುಡಿ ಕಪ್ಪು ಕಾಗದದ ಮೇಲೆ ಎದ್ದು ಕಾಣುತ್ತದೆ, ಕಂದು ಪುಡಿ ಬಿಳಿಯ ಮೇಲೆ. ಮೊದಲು ಒಂದು ರಾತ್ರಿ ಬೇಕು ಎಂದೆನಲ್ಲ, ಅದು ಇದಕ್ಕೇ.

ಈ ಅಚ್ಚಿನಿಂದ ಎಷ್ಟೋ ಗೊಂದಲ ತೀರುತ್ತದೆ. ಕ್ರೆಪಿಡೋಟಸ್ ಎಂಬ ಸಣ್ಣ ಬಿಳಿ ಅಣಬೆ ಲಡ್ಡು ಕೊಂಬೆಯ ಮೇಲೆ ಥೇಟ್ ಎಳೆ ಚಿಪ್ಪಣಬೆಯಂತೆ ಕಾಣುತ್ತದೆ, ಆದರೆ ಅದರ ಅಚ್ಚು ಕಂದು. ನಮ್ಮ ಕಾಡಿನ ಲೆಂಟೈನಸ್ ಜಾತಿಗಳ ಅಚ್ಚು ಬಿಳಿಯೇ. ಅವನ್ನು ಬೇರ್ಪಡಿಸುವುದು ಟೋಪಿಯ ಮೇಲಿನ ಚಕ್ಕೆಗಳು, ಗರಗಸದಂತೆ ಹಲ್ಲು ಹಲ್ಲಾದ ಕಿವಿರಿನ ಅಂಚು, ಚರ್ಮದಂತೆ ಜಗ್ಗುವ ಮೈ. ಹೀಗೆ ಒಂದು ಗುರುತು ಕೈಕೊಟ್ಟಲ್ಲಿ ಇನ್ನೊಂದು ಮಾತಾಡುತ್ತದೆ.

ಎಲ್ಲ ಕಡೆಯೂ ಅಷ್ಟು ಸುಲಭವಲ್ಲ. ಜಪಾನಿನ ಕಾಡುಗಳಲ್ಲಿ ಸತ್ತ ಬೀಚ್ ಮರಗಳ ಮೇಲೆ ಏಳುವ ತ್ಸುಕಿಯೋತಾಕೆ ಎಂಬ ವಿಷದ ಅಣಬೆಯನ್ನು ಚಿಪ್ಪಣಬೆಯೆಂದೋ ಅಲ್ಲಿಯವರು ತಿನ್ನುವ ಶಿಟಾಕೆ ಅಣಬೆಯೆಂದೋ ತಿಳಿದು ಜನ ಈಗಲೂ ಆಸ್ಪತ್ರೆ ಸೇರುತ್ತಾರೆ. ಅದೂ ಅಂತಸ್ತಾಗಿ ಬೆಳೆಯುತ್ತದೆ, ಕಾಲು ಬದಿಗೇ ಇರುತ್ತದೆ, ಬೀಜಾಣುವೂ ಬಿಳಿ. ಕಾಲನ್ನು ಉದ್ದಕ್ಕೆ ಸೀಳಿದರೆ ಬುಡದ ಮಾಂಸದಲ್ಲಿ ಸಾಮಾನ್ಯವಾಗಿ ಕಪ್ಪುನೇರಳೆ ಕಲೆ ಕಾಣುತ್ತದೆ. ಕಗ್ಗತ್ತಲಲ್ಲಿ ಕಿವಿರು ಹಸಿರಾಗಿ ಹೊಳೆಯುತ್ತದೆ. ಆದರೆ ಹಳತಾದದ್ದು, ಒಣಗಿದ್ದು ಹೊಳೆಯದಿರಬಹುದು. ಹೊಳೆಯಲಿಲ್ಲ ಎಂದ ಮಾತ್ರಕ್ಕೆ ವಿಷವಿಲ್ಲ ಎನ್ನುವಂತಿಲ್ಲ. ಹೊಳೆಯುವುದೆಲ್ಲ ಅದೇ ಅಣಬೆ ಎನ್ನುವಂತೆಯೂ ಇಲ್ಲ. ನಮ್ಮ ಘಟ್ಟದಲ್ಲೂ ಮಳೆಗಾಲದ ಕತ್ತಲಲ್ಲಿ ಲಡ್ಡು ಮರ ಮಿನುಗುವುದುಂಟು. ಮೇಘಾಲಯದಲ್ಲಿ ಸತ್ತ ಬಿದಿರಿನ ಮೇಲೆ ಬೆಳೆಯುವ, ಕಾಲು ಮಾತ್ರ ಹೊಳೆಯುವ ಪುಟ್ಟ ಅಣಬೆಯೊಂದನ್ನು 2020ರಲ್ಲಿ ಹೊಸ ಪ್ರಭೇದವೆಂದು ಹೆಸರಿಸಿದರು.

"ಮರದ ಮೇಲೆ ಬೆಳೆದದ್ದಾದರೆ ಭಯವಿಲ್ಲ" ಎಂಬ ಮಾತು ನಿಮ್ಮ ಕಿವಿಗೂ ಬಿದ್ದೀತು. ಹೇಳಿದವರು ಎಷ್ಟೇ ಹಿರಿಯರಿರಲಿ, ಈ ಮಾತನ್ನು ನಂಬಬೇಡಿ. ಇದನ್ನು ಸುಳ್ಳು ಮಾಡುವ ಮೂರು ಸಂಗತಿ ಹೇಳುತ್ತೇನೆ, ನೆನಪಿಟ್ಟುಕೊಳ್ಳಿ.

ಚೀನಾದ ಯುನ್ನಾನ್ ಪ್ರಾಂತ್ಯದ ಬೆಟ್ಟದ ಹಳ್ಳಿಗಳಲ್ಲಿ ಪ್ರತಿ ಮಳೆಗಾಲ ಗಟ್ಟಿಮುಟ್ಟಾದವರು ಇದ್ದಕ್ಕಿದ್ದಂತೆ ಹೃದಯ ನಿಂತು ಸಾಯುತ್ತಿದ್ದರು. ಸುಮಾರು 30 ವರ್ಷಗಳಲ್ಲಿ 400ರಷ್ಟು ಸಾವುಗಳಾದವು ಎಂದು ಅಂದಾಜು. ಚೀನಾದ ಸರ್ಕಾರಿ ರೋಗ ತಜ್ಞರು ವರ್ಷಗಟ್ಟಲೆ ಊರೂರು ಸುತ್ತಿ ಹುಡುಕಿದಾಗ ಅನುಮಾನ ಹೋಗಿ ನಿಂತದ್ದು ಕೊಳೆತ ಮರದ ಮೇಲೆ ಏಳುವ ಒಂದು ಸಣ್ಣ ಬಿಳಿ ಅಣಬೆಯ ಮೇಲೆ. ಬೆಲೆಬಾಳುವ ಅಣಬೆಗಳನ್ನು ಸಂತೆಗೆ ಕಳಿಸಿ, ಯಾರೂ ಕೊಳ್ಳದ ಇದನ್ನು ಬಡವರು ತಮ್ಮ ಮನೆಯಲ್ಲಿ ಬೇಯಿಸಿಕೊಳ್ಳುತ್ತಿದ್ದರು. ಅದಕ್ಕೆ ಶಾಸ್ತ್ರದಲ್ಲಿ ಹೆಸರೇ ಇರಲಿಲ್ಲ. 2012ರಲ್ಲಿ ಟ್ರೋಜಿಯಾ ವೆನೆನಾಟಾ ಎಂದು ಹೆಸರಾಯಿತು. ಅದನ್ನು ತಿನ್ನಬೇಡಿ ಎಂದು ಹಳ್ಳಿಗಳಲ್ಲಿ ಸಾರಿದ ಮೇಲೆ ಸಾವುಗಳು ಇಳಿದವು.

ಎರಡನೆಯದು ಜಪಾನಿನದು. ಲಡ್ಡು ಹಿಡಿದ ಸೂಚಿಪರ್ಣಿ ಬೊಡ್ಡೆಗಳ ಮೇಲೆ ತೆಳ್ಳಗೆ, ಅಚ್ಚ ಬಿಳಿಯಾಗಿ ಏಳುವ ಸುಗಿಹಿರಾತಾಕೆ ಎಂಬ ಅಣಬೆಯನ್ನು ಅಲ್ಲಿಯ ಜನ ತಲೆಮಾರುಗಳಿಂದ ತಿನ್ನುತ್ತಿದ್ದರು. 2004ರ ಶರತ್ಕಾಲದಲ್ಲಿ ಅದನ್ನು ತಿಂದ 59 ಮಂದಿಯ ಮಿದುಳಿಗೆ ತೊಂದರೆಯಾಯಿತು, 17 ಮಂದಿ ತೀರಿಕೊಂಡರು. ಹೆಚ್ಚಿನವರು ಮೊದಲೇ ಮೂತ್ರಪಿಂಡದ ಕಾಯಿಲೆಯವರು. "ನಮ್ಮಜ್ಜಿ ತಿಂದಿದ್ದರು" ಎನ್ನುವುದು ಒಳ್ಳೆಯ ಸಾಕ್ಷಿ. ಆದರೆ ಅಜ್ಜಿಯ ಆರೋಗ್ಯ ಬೇರೆ, ಇಂದು ಊಟಕ್ಕೆ ಕುಳಿತವರ ಆರೋಗ್ಯ ಬೇರೆ. ಮನೆಯಲ್ಲಿ ಕಾಯಿಲೆಯವರು, ಬಸುರಿಯರು, ಮಕ್ಕಳು ಇದ್ದರೆ ಕಾಡಣಬೆ ಬಡಿಸಲೇಬೇಡಿ.

ಮೂರನೆಯದು ಗ್ಯಾಲರೀನಾ ಮಾರ್ಜಿನಾಟಾ. ಯೂರೋಪ್, ಅಮೆರಿಕದ ತಂಪು ಕಾಡುಗಳಲ್ಲಿ ಕೊಳೆತ ದಿಮ್ಮಿಗಳ ಮೇಲೆ ಬೆಳೆಯುವ ಜೇನುಬಣ್ಣದ ಈ ಪುಟ್ಟ ಅಣಬೆಯಲ್ಲಿ ಅಮಾನಿಟಾದಲ್ಲಿರುವ ಅಮಟಾಕ್ಸಿನ್ ವಿಷವೇ ಇದೆ. ಅಲ್ಲಿಯವರು ತಿನ್ನುವ ಹನಿ ಮಶ್ರೂಮ್ ಕೂಡ ಅಂಥದೇ ಬೊಡ್ಡೆಗಳಲ್ಲಿ ಏಳುತ್ತದೆ. ಹನಿ ಮಶ್ರೂಮಿನ ಬೀಜಾಣು ಬಿಳಿ, ಗ್ಯಾಲರೀನಾದ್ದು ತುಕ್ಕುಗಂದು. ಅಮೆರಿಕ, ಯೂರೋಪಿನಲ್ಲಿ ನೆಲೆಸಿದ ನಮ್ಮ ಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಊರಿನ ಕಾಡಿನಲ್ಲಿ ಕಲಿತ ಗುರುತು ಆ ಕಾಡಿಗಷ್ಟೇ ಸಲ್ಲುತ್ತದೆ. ಏಷ್ಯಾದಿಂದ ಅಮೆರಿಕಕ್ಕೆ ಹೋದವರು ತಮ್ಮೂರಿನ ಹುಲ್ಲಣಬೆ ಎಂದುಕೊಂಡು ಡೆತ್ ಕ್ಯಾಪ್ ಎಂಬ ಅಮಾನಿಟಾ ಅಣಬೆಯನ್ನು ಬೇಯಿಸಿ ತಿಂದು ಪ್ರಾಣ ಕಳೆದುಕೊಂಡದ್ದಿದೆ.

ಅಮಟಾಕ್ಸಿನ್ ಕುದಿಸಿದರೆ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ಬೆಳ್ಳಿ ಚಮಚ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ತಿರುಗುತ್ತದೆ, ಹುಳ ತಿಂದದ್ದನ್ನು ಮನುಷ್ಯ ತಿನ್ನಬಹುದು ಎನ್ನುವ ಪರೀಕ್ಷೆಗಳೆಲ್ಲ ನಿರರ್ಥಕ. ರುಚಿಯೂ ಎಚ್ಚರಿಸುವುದಿಲ್ಲ. ತಿಂದು 6ರಿಂದ 24 ಗಂಟೆವರೆಗೆ ಏನೂ ಆಗದಿರಬಹುದು. ಆಮೇಲೆ ವಾಂತಿ ಭೇದಿ ಹಿಡಿಯುತ್ತದೆ. ಒಂದು ದಿನ ಗುಣವಾದಂತೆ ಕಾಣುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ಅಷ್ಟರಲ್ಲಿ ಯಕೃತ್ತು ಕೆಡುತ್ತಿರುತ್ತದೆ. ಕಾಡಣಬೆಯ ಸಾವು ನಮ್ಮ ದೇಶದಲ್ಲೂ ಆಗುತ್ತದೆ: 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಮೇಲಣ ಜಿಲ್ಲೆಗಳಲ್ಲಿ ಕಾಡಣಬೆ ತಿಂದು 13 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಚಹಾ ತೋಟದ ಬಡ ಕುಟುಂಬದವರು. ಆದ್ದರಿಂದ ಕಾಡಣಬೆ ತಿಂದ ಮೇಲೆ ಹೊಟ್ಟೆ ಕೆಟ್ಟರೆ ಮನೆಮದ್ದು ಮಾಡುತ್ತಾ ಕೂರಬೇಡಿ. ತಡವಾಗಿ ಶುರುವಾದ ವಾಂತಿಯೇ ಹೆಚ್ಚು ಅಪಾಯದ್ದು. ಉಳಿದ ಅಣಬೆ, ಅಡುಗೆ, ಬುಟ್ಟಿಯ ಚೂರು ಏನಿದೆಯೋ ಅದನ್ನು ಕಟ್ಟಿಕೊಂಡು, ಜೊತೆಯಲ್ಲಿ ಉಂಡವರೆಲ್ಲರನ್ನೂ ಕರೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಕೇಳಿ ಅಣಬೆಯನ್ನು ಕಂಡರೆ ಓಡಬೇಕು ಎಂದುಕೊಳ್ಳಬೇಡಿ. ನನಗೆ ಬೇಕಾದದ್ದು ಅದಲ್ಲ. ನೀವು ಕಲಿಯಬೇಕು, ಕ್ರಮವಾಗಿ ಕಲಿಯಬೇಕು.

ಚಿಪ್ಪಣಬೆಯನ್ನು ಕಾಡಿನಲ್ಲಿ ಗುರುತಿಸುವ ಆಸೆ ಇದ್ದರೆ ಮೊದಲು ಅದನ್ನು ಮನೆಯಲ್ಲಿ ಬೆಳೆಯಿರಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ ಸಿಗುತ್ತದೆ, ತರಬೇತಿಯೂ ಇದೆ. ಬಿಸಿನೀರಿನಲ್ಲಿ ಹದಮಾಡಿದ ಭತ್ತದ ಹುಲ್ಲು, ಪ್ಲಾಸ್ಟಿಕ್ ಚೀಲ, ಒಂದು ತಂಪು ಮೂಲೆ ಇದ್ದರೆ ಸಾಕು. ಬಿಳಿ ಎಳೆ ಹುಲ್ಲನ್ನು ಹೇಗೆ ಆವರಿಸುತ್ತದೆ, ಮೊಳಕೆ ಹೇಗೆ ಗುಂಪಾಗಿ ಮೂಡುತ್ತದೆ, ಎಳೆಯದರ ಅಂಚು ಯಾವ ದಿನ ಬಿಚ್ಚಿಕೊಳ್ಳುತ್ತದೆ, ಬಲಿತದ್ದು ಹೇಗೆ ಬೀಜಾಣು ಉದುರಿಸಿ ಸುತ್ತ ಬಿಳಿ ಧೂಳು ಹರಡುತ್ತದೆ, ಕೊಳೆಯುವಾಗ ಯಾವ ವಾಸನೆ ಬರುತ್ತದೆ, ಎಲ್ಲವನ್ನೂ ನೋಡಿ. ಪ್ರತಿ ಹಂತದಲ್ಲೂ ಒಂದೊಂದನ್ನು ಸೀಳಿ, ಮೂಸಿ, ಅಚ್ಚು ತೆಗೆಯಿರಿ. ಅಂಗಳದಲ್ಲಿ ಕೆಮ್ಮಿದ ಸದ್ದಿಗೇ ಬಂದ ನೆಂಟರು ಯಾರೆಂದು ತಿಳಿಯುವ ಹಾಗೆ ಆ ಅಣಬೆ ನಿಮಗೆ ಪರಿಚಯವಾಗಲಿ. ಆಮೇಲೆ ಕಾಡಿನಲ್ಲಿ ಅದರ ಹೋಲಿಕೆಯದ್ದು ಕಂಡಾಗ ಎಲ್ಲಿ ವ್ಯತ್ಯಾಸವಿದೆ ಎಂಬುದು ತಾನಾಗಿ ಕಣ್ಣಿಗೆ ಹೊಡೆಯುತ್ತದೆ.

ಎರಡನೆಯ ಕೆಲಸ, ಬಲ್ಲವರ ಹಿಂದೆ ಹೋಗುವುದು. ನಿಮ್ಮ ಊರಿನಲ್ಲಿ ಅಣಬೆ ತರುವವರು ಒಬ್ಬರಾದರೂ ಇರುತ್ತಾರೆ. ಅವರು ತಂದ ಬುಟ್ಟಿಯನ್ನಷ್ಟೇ ನೋಡಿದರೆ ಪಾಠವಾಗದು. ಕಂಡೂ ಮುಟ್ಟದೆ ಬಿಟ್ಟದ್ದು ಯಾವುದು, ಏಕೆ ಬಿಟ್ಟರು ಎಂದು ಕೇಳಿ. ಅವರ ಜ್ಞಾನದ ಬಹುಪಾಲು ಆ ಬಿಟ್ಟದ್ದರಲ್ಲಿದೆ. ಅವರು ಹೇಳುವ ಊರಹೆಸರನ್ನು ಬರೆದುಕೊಳ್ಳಿ, ಆದರೆ ಪಕ್ಕದ ತಾಲ್ಲೂಕಿನಲ್ಲಿ ಅದೇ ಹೆಸರು ಬೇರೆ ಅಣಬೆಗಿರಬಹುದು ಎನ್ನುವುದೂ ನೆನಪಿರಲಿ.

ಮೂರನೆಯದು, ಒಂದು ನೋಟುಬುಕ್ಕು. ತಾರೀಖು, ಜಾಗ, ಮರ, ಕೊಳೆಯ ಬಗೆ, ವಾಸನೆ, ಕೊಯ್ದಾಗ ಬಣ್ಣ, ಬೀಜಾಣುವಿನ ಅಚ್ಚು ಎಲ್ಲ ಬರೆಯಿರಿ. ಫೋಟೊ ತೆಗೆಯುವುದಾದರೆ ಮೇಲಿನದೊಂದು, ಅಡಿಯದೊಂದು, ಪಕ್ಕದಿಂದೊಂದು, ಬುಡದ್ದೊಂದು, ಉದ್ದಕ್ಕೆ ಸೀಳಿದ್ದೊಂದು, ಮರ ಕಾಣುವಂತೆ ಒಂದು. ಇಷ್ಟಿದ್ದರೆ ತಜ್ಞರೂ ನಿಮಗೆ ನೆರವಾಗಬಲ್ಲರು. ಫೋನಿನ ಆ್ಯಪ್ ಹೇಳುವ ಹೆಸರು ಹುಡುಕಾಟ ಶುರುಮಾಡಲು ಸಾಕು, ಊಟ ಶುರುಮಾಡಲು ಸಾಲದು.

ಮತ್ತೆ, ಕಂಡದ್ದನ್ನೆಲ್ಲ ಕೀಳಬೇಡಿ. ನೋಡಲು ಒಂದೆರಡು ಸಾಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅಲ್ಲಿ ಒಂದನ್ನೂ ಕೀಳಬೇಡಿ. ಲಡ್ಡು ಮರವನ್ನು ಕಸವೆಂದು ಎಳೆದುಹಾಕುವುದು, ಬೆಂಕಿ ಹಚ್ಚುವುದು ಬೇಡ. ಈ ಶಿಲೀಂಧ್ರಗಳು ಮರವನ್ನು ಉಂಡು ಮೆದು ಮಾಡಿದ ಮೇಲೇ ಕುಟ್ರು ಹಕ್ಕಿ ಅದರಲ್ಲಿ ಗೂಡು ಕೊರೆಯುವುದು. ದಾಂಡೇಲಿಯ ಕಾಡಿನ ಮಂಗಟ್ಟೆಗೆ ಮರಿ ಮಾಡಲು ಬೇಕಾದ ಪೊಟರೆಯೂ ಹೀಗೆ ಕೊಳೆತೇ ಆಗುವುದು. ಸತ್ತ ಮರ ಮಣ್ಣಾಗಿ ಹೊಸ ಗಿಡಕ್ಕೆ ಸಾರವಾಗುವುದೂ ಇವುಗಳಿಂದಲೇ.

ಬರುವ ಮಳೆಗಾಲದಲ್ಲಿ ಕಾಡಿಗೆ ಹೋಗಿ, ಉಂಬಳ ಹತ್ತಿದರೂ ಹೆದರಬೇಡಿ, ದಿಮ್ಮಿಯ ಪಕ್ಕ ಮೊಣಕಾಲೂರಿ ಕೂತು ನೋಡಿ. ಒಂದು ಮಳೆಗಾಲಕ್ಕೆ ಒಂದು ಅಣಬೆಯನ್ನು ಸರಿಯಾಗಿ ತಿಳಿದರೂ ಅದು ದೊಡ್ಡ ಗಳಿಕೆ. ಗುರುತುಗಳಲ್ಲಿ ಒಂದು ತಪ್ಪಿದರೂ "ನನಗೆ ಗೊತ್ತಿಲ್ಲ" ಎಂದು ಹೇಳಿ ಎದ್ದು ಬನ್ನಿ. ಹಾಗೆ ಹೇಳಿದ್ದರಿಂದ ಯಾರ ಮರ್ಯಾದೆಯೂ ಹೋಗಿಲ್ಲ. ಗೊತ್ತಿದೆ ಎಂದು ಬೇಯಿಸಿ ಬಡಿಸಿದ್ದರಿಂದ ಮನೆ ಮನೆಗಳೇ ಹೋಗಿವೆ.